ನಜರ ಆಣೇವಾರಿ

ಬೀದರ, 21 ಜನವರಿ 2025, ಮಂಗಳವಾರ

ಬಲಗಣ್ಣಿನ ಮೋತಿಬಿಂದು ತೆಗೆಸಿಕೊಂಡು ಇವತ್ತಿಗೆ ಐದು ದಿನ. ಓದಬೇಡಿ, ಬರೆಯಬೇಡಿ, ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಓದು ನನಗೆ ಮೊದಲಿನಿಂದಲೂ ಅಷ್ಟು ಬೇಕಾದ್ದಲ್ಲ, ಬಗ್ಗುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಬರೆಯುವುದೊಂದನ್ನು ಎಡಗಣ್ಣಿನಿಂದ ನಡೆಸುತ್ತೇನೆ. ಅದರಲ್ಲೂ ಪೊರೆ ಇದೆ; ಅದರ ಸರದಿ ಮಾರ್ಚಿನಲ್ಲಿ. ಅಲ್ಲಿಯತನಕ ಹೊಲದ ಧೂಳಿಗೆ ಹೋಗಕೂಡದೆಂದು ನನ್ನನ್ನು ತಂಗಿಯ ಮಗಳು ಮಂಜಿರಿಯ ಮನೆಯಲ್ಲಿ ಕೂರಿಸಿದ್ದಾರೆ.

ಮಂಜಿರಿ ಇಲ್ಲಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಬುದ್ಧಿವಂತೆ, ಸೋದರಮಾವನ ಕಡೆಯಿಂದ ಬಂದದ್ದು. ಇವತ್ತು ಟಿವಿಯ ಮುಂದೆ ವಹಿ ಹಿಡಿದು ಕೂತಿದ್ದಳು. ನಿನ್ನೆ ಅಮೆರಿಕದ ಅಧ್ಯಕ್ಷ ಕುರ್ಚಿ ಬಿಟ್ಟು ಇಳಿದನಂತೆ. ಅವನಿಗಿಂತ ಮೊದಲು ಇದ್ದವನೇ ಮತ್ತೆ ಏರಿದನಂತೆ.

"ಮಾಮಾ, ಮುಂದಿನ ತಿಂಗಳ ಭಾಲ್ಕಿ ಕಾಲೇಜಿನಾಗ ವಿಚಾರ ಸಂಕಿರಣ ಅದ. ಇಳಿದ ಅಧ್ಯಕ್ಷರ ಅವಧಿ ಬಗ್ಗೆ ಇತಿಹಾಸಕಾರರು ಈಗೇ ಏನೇನು ಅಂದಾಜು ಕಟ್ಟ್ಯಾರ ಅಂತ ನಾ ಮಾತಾಡಬೇಕು," ಎಂದಳು.

"ಇಳಿದ ಅಧ್ಯಕ್ಷ ಇಲ್ಲೇ ನಿನ್ನ ಮುಂದ ಕೂತಾನ. ಅಷ್ಟು ದೂರ ಯಾಕ ಹೋಗ್ತಿ?" ಎಂದೆ.

ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ. ಆತ ಕುರ್ಚಿ ಏರಿದ್ದು 2021ರ ಜನವರಿಯಲ್ಲಿ. ನಾನು ನಮ್ಮೂರ ಗ್ರಾಮ ಪಂಚಾಯಿತಿಯ ಅಧ್ಯಕ್ಷನಾದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಒಂದೇ ಬ್ಯಾಚು. ಆತನಿಗೆ ನಾಲ್ಕು ವರ್ಷ ಸಿಕ್ಕಿತು, ನನಗೆ ಮೂವತ್ತು ತಿಂಗಳು. ಆ ಮೂವತ್ತು ತಿಂಗಳನ್ನು ಅಳೆಯಬೇಕೆನ್ನುವ ಇತಿಹಾಸಕಾರರು ಔರಾದದಲ್ಲಿ ಬಸ್ಸು ಹತ್ತಿ, ಠಾಣಾ ಕುಶನೂರ ದಾಟಿ ನಾಲ್ಕು ಕಿಲೋಮೀಟರು ಬಂದರೆ ಸಾಕು. ಬಸ್ಸು ನೇರ ನನ್ನ ಮನೆಯ ಮುಂದೆ ನಿಲ್ಲುತ್ತದೆ. ಮೊದಲು ಕೆಳಗಿನ ಓಣಿಯ ಬೇವಿನ ಗಿಡದ ಕೆಳಗೆ, ಖೈರುನ್ನಿಸಾಳ ಚಹಾದಂಗಡಿಯ ಮುಂದೆ ನಿಲ್ಲುತ್ತಿತ್ತು. ಅದನ್ನು ಮೇಲಿನ ಓಣಿಗೆ ತಂದವನು ನಾನು. ಶೆಡ್ಡು, ಕಲ್ಲಿನ ಬೆಂಚು, ಹೆಸರಿನ ಫಲಕ. ಫಲಕದಲ್ಲಿ 'ಭಾಲಚಂದ್ರ' ಎಂಬುದಕ್ಕಿಂತ 'ಅಧ್ಯಕ್ಷರು' ಎಂಬುದು ದೊಡ್ಡ ಅಕ್ಷರದಲ್ಲಿದೆ. ಪೇಂಟರನ ಪಕ್ಕದಲ್ಲಿ ನಿಂತು ನಾನೇ ಬರೆಸಿದ್ದು.

ಊರಿನಲ್ಲಿ ನನಗಿರುವ ಗೌರವ ತಿಳಿಯಬೇಕಾದರೆ ಖೈರುನ್ನಿಸಾಳನ್ನು ನೋಡಬೇಕು. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ 'ಭಾಲಣ್ಣ' ಎನ್ನುತ್ತಿದ್ದವಳು. ಬಸ್ಸಿನ ಜಾಗ ಬದಲಾದ ದಿನದಿಂದ ಒಮ್ಮೆಯೂ ಹೆಸರು ಹಿಡಿದಿಲ್ಲ. 'ಅಧ್ಯಕ್ಷ ಸಾಬ್' ಎನ್ನುತ್ತಾಳೆ. ಅಮೆರಿಕದಲ್ಲಿ ಕುರ್ಚಿ ಇಳಿದ ಮೇಲೂ ಸಾಯುವತನಕ ಅಧ್ಯಕ್ಷರೇ ಎಂದು ಕರೆಯುತ್ತಾರಂತೆ. ಆ ಪದ್ಧತಿ ನಮ್ಮೂರಲ್ಲಿ ಒಬ್ಬಳಿಗಾದರೂ ಗೊತ್ತಿದೆ.

23 ಜನವರಿ, ಗುರುವಾರ

ಮಂಜಿರಿ ಪಟ್ಟಿ ಓದಿ ಹೇಳಿದಳು. ಕಳೆದ ವರ್ಷ ನೂರೈವತ್ತಕ್ಕೂ ಹೆಚ್ಚು ಪಂಡಿತರು ಕೂಡಿ, ಅಲ್ಲಿ ಈತನಕ ಆಗಿಹೋದ ನಲವತ್ತೈದು ಅಧ್ಯಕ್ಷರಿಗೆ ನೂರಕ್ಕೆ ಇಷ್ಟಿಷ್ಟು ಎಂದು ಅಂಕ ಕೊಟ್ಟರಂತೆ. ನನ್ನ ಬ್ಯಾಚಿನವನಿಗೆ ಹದಿನಾಲ್ಕನೇ ಸ್ಥಾನ. ಆಗ ಆತ ಇನ್ನೂ ಕುರ್ಚಿಯಲ್ಲೇ ಇದ್ದ. ಹಿಂದಿನ ಕಾಲದ ಒಬ್ಬ ಅಧ್ಯಕ್ಷ ಗಾದಿ ಏರಿದ ಒಂದೇ ತಿಂಗಳಿಗೆ ತೀರಿಕೊಂಡನಂತೆ. ಅವನಿಗೂ ನಲವತ್ತೊಂದನೇ ಸ್ಥಾನ ಕೊಟ್ಟಿದ್ದಾರೆ. ಅಂದರೆ ಅವನ ಕೆಳಗೆ ಇನ್ನೂ ನಾಲ್ವರು. ಏನೂ ಮಾಡದೆ ಸತ್ತವನಿಗಿಂತ ಏನೋ ಮಾಡಿದವರು ಕೆಳಗಿರುವುದು ವಿಚಿತ್ರ ಲೆಕ್ಕ.

"ಈಗ ಇಳಿದ ಮ್ಯಾಲ ಮತ್ತ ಅಳೀಲಿಕತ್ಯಾರ," ಎಂದಳು. "ಭಾಳ ದೊಡ್ಡ ಕಾಯ್ದೆ ಮಾಡ್ದ ಅಂತ ಕೆಲವರು. ಬಿಡೋ ಹೊತ್ತಿಗಿ ಕುರ್ಚಿ ಬಿಡಲಿಲ್ಲ ಅಂತ ಕೆಲವರು. ಇಷ್ಟು ಲಗೂ ಹೇಳಬಾರದು, ಇನ್ನೂ ಹಸಿ ಅದ ಅಂತ ಉಳಿದವರು. ಇದಕ್ಕ ಕನ್ನಡದಾಗ ಏನಂತ ಹೆಸರಿಡಬೇಕೋ ತಿಳಿವಲ್ದು. ಆರಂಭಿಕ ಮೌಲ್ಯಮಾಪನ ಅಂದ್ರ ಪರೀಕ್ಷಿ ಪೇಪರ ತಿದ್ದಿದಂಗ ಆಗ್ತದ."

"ನಜರ ಆಣೇವಾರಿ ಅನ್ನು," ಎಂದೆ.

ಪೆನ್ನು ನಿಂತಿತು. ಏಳನೇ ಇಯತ್ತೆ ಓದಿದವನು ಕಾಲೇಜಿನವಳಿಗೆ ಪಾಠ ಹೇಳಿದೆ. ನಾವು ಸಣ್ಣವರಿದ್ದಾಗ ಊರಿಗೆ ಕಂದಾಯದ ಲೆಕ್ಕ ಬರೆಯುವ ಪಟವಾರಿ ರಿಜ್ವಾನ ಸಾಬರು ಬರುತ್ತಿದ್ದರು. ಬೆಳೆ ಕೊಯ್ಯುವ ಮೊದಲೇ ಹೊಲ ನೋಡಿ, ತುಂಬು ಬೆಳೆಗೆ ಹದಿನಾರಾಣೆ ಎಂದು ಹಿಡಿದು, ಇದು ಎಂಟಾಣೆ ಬೆಳೆ, ಅದು ಆರಾಣೆ ಬೆಳೆ ಎಂದು ಬರೆಯುವರು. ಬರೀ ಕಣ್ಣಳತೆ, ಅದಕ್ಕೇ ನಜರ ಆಣೇವಾರಿ. ಆಮೇಲೆ ಹೊಲದ ಒಂದು ತುಂಡನ್ನು ಕೊಯ್ದು ತೂಗುವುದು ಕಟಾವು. ಅದು ಖರೆ ಲೆಕ್ಕ. ಆಣೆ ಕಡಿಮೆ ಬಿದ್ದರೆ ಕಂದಾಯ ಮಾಫಿ. ಆದ್ದರಿಂದ ನಾನು ಸಾಬರನ್ನು ಬದುವಿನ ಮೇಲೆಯೇ ನಡೆಸಿಕೊಂಡು ಹೋಗುತ್ತಿದ್ದೆ. ಬದುವಿನ ಪಕ್ಕದ ಜೋಳವನ್ನು ಹಿಂದಿನ ದಿನವೇ ನಮ್ಮ ಎಮ್ಮೆಗಳಿಗೆ ತೋರಿಸಿರುತ್ತಿದ್ದೆ. ಸಾಬರು ನಾಲ್ಕಾಣೆ ಬರೆದು ಮಜ್ಜಿಗೆ ಕುಡಿದು ಹೋಗುವರು.

ಒಂದು ವರ್ಷ ಮಾತ್ರ ಚಪ್ಪಲಿ ಕಳಚಿಟ್ಟು ನಡುಹೊಲಕ್ಕೆ ಇಳಿದೇಬಿಟ್ಟರು. ಜೋಳ ಅವರ ರುಮಾಲಿಗಿಂತ ಮೇಲಿತ್ತು. ಹೊರಗೆ ಬಂದು ನನ್ನ ಕಿವಿ ಹಿಡಿದು, "ಬೇಟಾ, ಬದುವಿನ ಮ್ಯಾಲ ನಿಂತವನಿಗಿ ಬೆಳಿ ಕಾಣಸಂಗಿಲ್ಲ, ಬೆಳಿ ಮಾಲಕ ಕಾಣಸ್ತಾನ," ಎಂದರು.

ಮಂಜಿರಿ ಆ ಮಾತನ್ನೂ ಬರೆದುಕೊಂಡಳು. ಅಮೆರಿಕದ ಇತಿಹಾಸಕ್ಕೆ ಇದು ನನ್ನ ಮೊದಲ ಕೊಡುಗೆ.

26 ಜನವರಿ, ರವಿವಾರ

ಊರಿನಿಂದ ಯಾರೂ ಫೋನು ಮಾಡಲಿಲ್ಲ; ನಾನೇ ಮಾಡಿ ಕೇಳಿದೆ. ಪಂಚಾಯಿತಿಯ ಮುಂದೆ ಧ್ವಜ ಏರಿಸಿದರಂತೆ. ನಾನಿಲ್ಲದೆಯೂ ಮೇಲಕ್ಕೇ ಹೋಯಿತಂತೆ.

2 ಫೆಬ್ರವರಿ, ರವಿವಾರ

ಈರಮ್ಮನ ಫೋನು. ನನ್ನ ನಂತರ ಕುರ್ಚಿಗೆ ಬಂದವಳು, ಈಗಿನ ಅಧ್ಯಕ್ಷೆ. ಮಾತು ಮೆತ್ತಗೆ, ಅದೇ ಅವಳಲ್ಲಿರುವ ದೋಷ, ಬೈಯಲು ಸಂದು ಸಿಗುವುದಿಲ್ಲ.

"ಅಣ್ಣಾರ, ಕಣ್ಣು ಹ್ಯಾಂಗ ಅದಾವ್ರಿ?"

"ಒಂದು ಹದಿನಾರಾಣೆ, ಒಂದು ಎರಡಾಣೆ."

"ಮಾರ್ಚ್ ಐದಕ್ಕ ಗ್ರಾಮಸಭಾ ಇಟ್ಟೀವ್ರಿ. ಬಸ್ಸು ಮತ್ತ ಬೇವಿನ ಗಿಡದ ಕೆಳಗ ನಿಂದರಬೇಕಂತ ಕೆಳಗಿನ ಓಣಿ ಮಂದಿ ಅರ್ಜಿ ಕೊಟ್ಟಾರ. ನೀವು ಹೂಂ ಅಂದ್ರ ಠರಾವು ಸಲೀಸ ಆಗ್ತದ. ಉಹೂಂ ಅಂದ್ರ ಮ್ಯಾಲಿನ ಓಣಿ ಎಲ್ಲಾ ನಿಮ್ಮ ಹಿಂದ ನಿಂದರ್ತದ, ಊರು ಎರಡು ಹೋಳ ಆಗ್ತದ. ಖೈರುನ್ನಿಸಾ ಹೋಳಿಹುಣ್ಣಿಮಿ ತನಕ ನೋಡ್ತಾಳಂತ. ಆಗಲಿಲ್ಲಂದ್ರ ಅಂಗಡಿ ಮುಚ್ಚಿ ಕಮಲನಗರಕ್ಕ ಮಗಳ ಮನಿಗಿ ಹೋಗ್ತಾಳಂತ್ರಿ."

"ಮುಚ್ಚೋದು ಯಾಕ? ನನ್ನ ಶೆಡ್ಡಿನ ಬಾಜೂಕ ಬಂದು ಇಡಲಿ."

"ಅಲ್ಲಿ ನೀರಿಲ್ರಿ, ನೆರಳಿಲ್ರಿ. ಎಪ್ಪತ್ತರ ಮುದುಕಿ ದಿನಾ ಒಲಿ ಹೊತ್ತುಕೊಂಡು ಏರು ಏರ್ತಾಳೇನ್ರಿ?"

ವಿಚಾರ ಮಾಡಿ ಹೇಳುತ್ತೇನೆ ಎಂದೆ. ವಿಚಾರ ಮಾಡುವಂಥದ್ದೇನೂ ಇಲ್ಲ. ನನ್ನ ಅವಧಿಯ ದೊಡ್ಡ ಕೆಲಸವನ್ನೇ ಅಳಿಸಲು ಹೊರಟಿದ್ದಾರೆ. ಅಮೆರಿಕದಲ್ಲೂ ಬಂದವನು ಹೋದವನ ಆದೇಶಗಳನ್ನು ಮೊದಲ ದಿನವೇ ರದ್ದು ಮಾಡಿದನಂತೆ. ದೊಡ್ಡವರ ಪಾಡು ಎಲ್ಲೆಡೆ ಒಂದೇ.

5 ಫೆಬ್ರವರಿ, ಬುಧವಾರ

ಗ್ರಾಮಸಭೆಯಲ್ಲಿ ಓದಿಸಲು ನನ್ನ ಅವಧಿಯ ಆಣೇವಾರಿಯನ್ನು ನಾನೇ ಕೈಗೆತ್ತಿಕೊಂಡೆ. ಅಲ್ಲಿ ಪಂಡಿತರು ನೂರೈವತ್ತು. ನನಗೆ ಒಂಬತ್ತು ಸಾಕು. ಮುಂಜಾನೆಯಿಂದ ಫೋನು ಹಿಡಿದು ಕೂತೆ. ಹದಿನಾಲ್ಕಾಣೆಗಿಂತ ಕೆಳಗೆ ಯಾರೂ ಇಳಿಯಲಿಲ್ಲ. ಬಸವಕಿರಣನಂತೂ ಇಪ್ಪತ್ತಾಣೆ ಎಂದ. ಹದಿನಾರರ ಮೇಲೆ ಇಲ್ಲವೆಂದು ತಿಳಿಸಿ ಹೇಳಿದೆ. ಹಾಗಾದರೆ ಹದಿನಾರು ಬರಕೊಳ್ಳಿ ಎಂದ. ಅವನಿಗೆ ಮುಂದಿನ ವಾರ ನಮ್ಮ ಟ್ರ್ಯಾಕ್ಟರು ಬೇಕಾಗಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಊರಿನಲ್ಲಿರುವ ಹೆಂಡತಿ ವೃಂದಾಳನ್ನೂ ಕೇಳಿದೆ. ಮೂವತ್ತು ತಿಂಗಳು ಹತ್ತಿರದಿಂದ ಕಂಡವಳು. ಇತಿಹಾಸಕಾರರು ಇಂಥವರನ್ನೇ ಹುಡುಕುತ್ತಾರಂತೆ.

"ಬಸ್ಸಿಗಿ ಬಂದವರಿಗೆಲ್ಲ ಒಳಗ ಕರದು ಕೂಡಿಸ್ತಿದ್ರಿ. ಚಹಾ ಮಾಡಿ ಮಾಡಿ ನನ್ನ ಕೈ ಸವದಾವ. ಮೊದಲ ಆ ಮಂದಿ ಖೈರು ಆಪಾನ ಅಂಗಡ್ಯಾಗ ಕೂಡ್ತಿತ್ತು. ಇಷ್ಟೇ ನನ್ನ ಹೇಳಿಕಿ, ಬರಕೋರಿ," ಎಂದಳು. ಅದರ ಸಂಗಡ ಇನ್ನೊಂದು ಸುದ್ದಿ. ಫಲಕದಲ್ಲಿ 'ಅಧ್ಯಕ್ಷರು' ಎಂಬುದರ ಎಡಕ್ಕೆ ಯಾರೋ ಇದ್ದಿಲಿನಿಂದ 'ಮಾಜಿ' ಎಂದು ಬರೆದಿದ್ದಾರಂತೆ. ಬರೆಯಲಿ. ಮರಾಠಿಯಲ್ಲಿ 'ಮಾಝಿ' ಎಂದರೆ 'ನನ್ನದು' ಎಂದರ್ಥ. ಓದುವವರು ಓದಿಕೊಳ್ಳುತ್ತಾರೆ.

ಸಂಜೆ ಪಟ್ಟಿಯನ್ನು ಮಂಜಿರಿಯ ಕೈಗಿಟ್ಟೆ. ಒಂಬತ್ತು ಹೆಸರುಗಳ ಮೇಲೆ ಬೆರಳಾಡಿಸಿದಳು.

"ಮಾಮಾ, ಒಂಬತ್ತೂ ಮ್ಯಾಲಿನ ಓಣಿದಾವ."

"ಒಳ್ಳೆ ಮಂದಿ ಅಲ್ಲೇ ಇರ್ತದ."

"ನನಗೂ ಬದುವಿನ ಮ್ಯಾಲೇ ನಡಸಿಕೊಂಡು ಹೊಂಟೀರಿ. ಖೈರು ಆಪಾಗ ಕೇಳ್ರಿ."

ಎಮ್ಮೆಗಳ ಕಥೆಯನ್ನು ಇವಳಿಗೆ ಹೇಳಬಾರದಿತ್ತು.

6 ಫೆಬ್ರವರಿ, ಗುರುವಾರ

ಖೈರುನ್ನಿಸಾಳಿಗೆ ಫೋನು ಮಾಡಲು ಆಗಲಿಲ್ಲ. ಕಣ್ಣಿಗೆ ಹನಿ ಹಾಕುವ ಹೊತ್ತಾಗಿತ್ತು.

7 ಫೆಬ್ರವರಿ, ಶುಕ್ರವಾರ

ಇವತ್ತೂ ಹನಿ.

9 ಫೆಬ್ರವರಿ, ರವಿವಾರ

ಮಂಜಿರಿಯೇ ನಂಬರು ಒತ್ತಿ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಆಪಾ, ನಾ ಭಾಲಚಂದ್ರ."

"ಹೇಳ್ರಿ ಅಧ್ಯಕ್ಷ ಸಾಬ್."

ಆಣೇವಾರಿಯ ವಿಷಯ ಬಿಡಿಸಿ ಹೇಳಿ, ನನ್ನ ಅವಧಿಗೆ ಎಷ್ಟು ಆಣೆ ಹಾಕುತ್ತೀರಿ ಎಂದು ಕೇಳಿದೆ. ಆ ಕಡೆ ಅಂಗಡಿಯ ಸದ್ದೇ ಇಲ್ಲ. ಮೊದಲು ಆ ಅಂಗಡಿಗೆ ಫೋನು ಮಾಡಿದರೆ ಗಿಲಾಸುಗಳ ಸದ್ದು, ಕಂಡಕ್ಟರನ ಸೀಟಿ, ನಾಲ್ಕು ಮಂದಿಯ ವಾದ ಎಲ್ಲ ಕೇಳಿಸುತ್ತಿತ್ತು. ನೆಟ್‌ವರ್ಕ್ ಸರಿಯಿರಲಿಲ್ಲವೆಂದು ಕಾಣುತ್ತದೆ.

"ದೊಡ್ಡವರ ಲೆಕ್ಕ ನನಗೇನು ತಿಳೀತದ ಅಧ್ಯಕ್ಷ ಸಾಬ್," ಎಂದಳು. "ಮೊದಲ ಮುಂಜಾನಿ ದೊಡ್ಡ ಪಾತೇಲಿ ತುಂಬ ಹಾಲು ಕಾಸ್ತಿದ್ದೆ. ಈಗ ಒಂದು ಗಿಲಾಸ ಕಾಸ್ತೇನಿ, ಅದೂ ನಾನೇ ಕುಡೀತೇನಿ."

"ಅದಲ್ಲ ಆಪಾ, ಆಣೆ ಹೇಳ್ರಿ."

"ನಿಮಗ ಎಷ್ಟು ಬೇಕೋ ಅಷ್ಟು ಬರಕೋರಿ. ನೀವು ಬರದ್ರ ಯಾರು ಇಲ್ಲಂತಾರ?"

ಹದಿನಾರು ಎಂದು ಬರೆದುಕೊಳ್ಳಬಹುದಿತ್ತು, ಒಪ್ಪಿಗೆಯೇ ಸಿಕ್ಕಿತ್ತಲ್ಲ. ಬರೆಯಲಿಲ್ಲ. ಪೆನ್ನಿನ ಶಾಯಿ ಮುಗಿದಿತ್ತು. ಈಗ ಬರೆಯುತ್ತಿರುವುದು ಅದೇ ಪೆನ್ನಿನಿಂದ.

15 ಫೆಬ್ರವರಿ, ಶನಿವಾರ

ಇವತ್ತಿನದನ್ನು ಉದ್ದಕ್ಕೆ ಬರೆಯಬೇಕು. ಭಾಲ್ಕಿಯಲ್ಲಿ ನನಗೆ ಸನ್ಮಾನವಾಯಿತು.

ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಂಜಿರಿಯ ಸಂಗಡ ಹೋಗಿ ಮೂರನೇ ಸಾಲಿನಲ್ಲಿ ಕೂತಿದ್ದೆ. ನಿರೂಪಣೆಯ ಹುಡುಗಿ ಮೈಕಿನಲ್ಲಿ, "ಈಗ ಅಧ್ಯಕ್ಷರು ವೇದಿಕೆಗೆ ದಯಮಾಡಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ," ಎಂದಳು. ಭಾಲ್ಕಿಯ ಮಂದಿಗೆ ನನ್ನ ಗುರುತಿರುವುದು ಆಶ್ಚರ್ಯವಲ್ಲ. ಎದ್ದೆ. ಕಪ್ಪು ಕನ್ನಡಕ ನೋಡಿ ಯಾರೋ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ನಡುವಿನ ದೊಡ್ಡ ಕುರ್ಚಿಯಲ್ಲಿ ಕೂತೆ. ಶಾಲು ಹೊದಿಸಿದರು. ಆಮೇಲೆ ಇನ್ನೊಬ್ಬ ಹಿರಿಯರು ಮೇಲೆ ಬಂದು ನನ್ನ ಪಕ್ಕದಲ್ಲಿ ನಿಂತುಕೊಂಡರು. ಮಲ್ಲಿಕಾರ್ಜುನಪ್ಪ ಎಂದು ಹೆಸರು, ನಿವೃತ್ತ ಪ್ರಾಧ್ಯಾಪಕರು. ಗೋಷ್ಠಿಯ ಅಧ್ಯಕ್ಷತೆ ಅವರದೆಂದು ಆ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಒಂದೇ ವೇದಿಕೆಗೆ ಇಬ್ಬರು ಅಧ್ಯಕ್ಷರನ್ನು ಕರೆದದ್ದು ಅವರ ತಪ್ಪು.

ನಾನು ಏಳಹೊರಟರೆ ಮಲ್ಲಿಕಾರ್ಜುನಪ್ಪನವರು ಭುಜ ಹಿಡಿದು ಕೂರಿಸಿದರು. "ಕೂಡ್ರಿ ಕೂಡ್ರಿ. ಕುರ್ಚಿ ಬಿಡೋದು ಅಮೆರಿಕದಾಗೇ ಕಷ್ಟ ಆಗ್ಯಾದ, ಭಾಲ್ಕ್ಯಾಗೇನು," ಎಂದು ತಮಗೆ ಬೇರೆ ಕುರ್ಚಿ ತರಿಸಿಕೊಂಡರು. ಮುಂದಿನ ಸಾಲಿನಲ್ಲಿ ಮಂಜಿರಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆನಂದಕ್ಕೆ ಇರಬೇಕು.

ಅವಳ ಮಾತು ಚೆನ್ನಾಗಿತ್ತು. ಶೀರ್ಷಿಕೆಯೇ 'ನಜರ ಆಣೇವಾರಿ'. ಎಪ್ಪತ್ತು ವರ್ಷದ ಹಿಂದೆ ಒಬ್ಬ ಅಧ್ಯಕ್ಷ ಇಳಿದಾಗ ಜನ ಬೈದೇ ಕಳಿಸಿದ್ದರಂತೆ. ಕಾಲ ಕಳೆದ ಮೇಲೆ ಇತಿಹಾಸಕಾರರು ಅವನನ್ನು ಮೊದಲ ಹತ್ತರಲ್ಲಿ ತಂದಿಟ್ಟರಂತೆ. ಇದು ನನಗೆ ಹಿಡಿಸಿತು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. "ಕುರ್ಚಿಯ ಹತ್ತಿರ ಇದ್ದವರ ಸಾಕ್ಷಿ ಮೊದಲು ಸಿಗುತ್ತದೆ, ಏಕೆಂದರೆ ಅವರ ಫೋನ್ ನಂಬರ್ ನಮ್ಮ ಬಳಿ ಇರುತ್ತದೆ. ನಡುಹೊಲದವರ ಸಾಕ್ಷಿ ತಡವಾಗಿ ಸಿಗುತ್ತದೆ, ಕೆಲವೊಮ್ಮೆ ಅವರು ಊರು ಬಿಟ್ಟ ಮೇಲೆ," ಎಂದಳು. ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಕೊನೆಗೆ ಮಲ್ಲಿಕಾರ್ಜುನಪ್ಪನವರು ಮೈಕನ್ನು ನನ್ನ ಮುಂದೆ ಸರಿಸಿದರು. ನಾನು ಯಾವ ಊರಿನ ಅಧ್ಯಕ್ಷನೆಂಬುದನ್ನು ಮೊದಲು ತಿಳಿಸಿ, ರಿಜ್ವಾನ ಸಾಬರ ಕಥೆಯನ್ನು ಎಮ್ಮೆಗಳ ಸಮೇತ ಹೇಳಿದೆ. ಸಭೆ ನಕ್ಕಿತು. ಆಗ ಅವರು, "ಹಂಗಾದ್ರ ನಿಮ್ಮ ಅವಧಿ ಎಷ್ಟಾಣೆ ಅನ್ನೋದೂ ಹೇಳಿಬಿಡ್ರಿ ಅಧ್ಯಕ್ಷರ," ಎಂದರು.

ಹದಿನಾರು ನಾಲಗೆಯ ತುದಿಯಲ್ಲೇ ಇತ್ತು.

"ಇನ್ನೂ ನಡುಹೊಲಕ್ಕ ಇಳಿದಿಲ್ರಿ," ಎಂದೆ.

ಚಪ್ಪಾಳೆ ಬಿತ್ತು. ಯಾಕೆಂದು ನನಗೆ ಗೊತ್ತಾಗಲಿಲ್ಲ. ಶಾಲು ವಾಪಸು ಕೊಡಲು ಹೋದೆ, ಇರಲಿ ಎಂದರು. ಕೆಂಪು ಅಂಚಿನದು, ಒಳ್ಳೆ ಉಣ್ಣೆ.

20 ಫೆಬ್ರವರಿ, ಗುರುವಾರ

ಇದು ನನಗೂ ಈ ವಹಿಗೂ ಮಾತ್ರ. ಬೇವಿನ ಗಿಡದ ಹತ್ತಿರ ಬಸ್ಸು ತಿರುಗಿಸಲು ಜಾಗ ಸಾಲದು ಎಂದು ಅಂದಿನ ಠರಾವಿನಲ್ಲಿ ಬರೆಸಿದವನು ನಾನು. ಅಲ್ಲಿ ಮೂವತ್ತು ವರ್ಷದಿಂದ ಬಸ್ಸು ತಿರುಗುತ್ತಲೇ ಇತ್ತು. ನಾನು ಮನೆಯ ಕಟ್ಟೆಯ ಮೇಲೆ ಕೂತರೆ ಯಾರು ಬಂದರು, ಯಾರು ಹೋದರು ಕಾಣಬೇಕು; ಇಳಿದವರೆಲ್ಲ ನನಗೆ ನಮಸ್ಕಾರ ಹೊಡೆದೇ ಮುಂದೆ ಹೋಗಬೇಕು. ಅಷ್ಟೇ ಕಾರಣ. ಹೊಡೆದರು. ಚೆನ್ನಾಗಿತ್ತು. ಇಂಥ ಉಪಾಯ ಅಮೆರಿಕದವನಿಗೂ ಹೊಳೆದಿರಲಿಕ್ಕಿಲ್ಲ.

ಮೇಲೆ ಬರೆದದ್ದನ್ನು ಒಮ್ಮೆ ಓದಿ ನೋಡಿದೆ. ಬರೆಯುವಾಗ ಇದ್ದಷ್ಟು ಚೆನ್ನಾಗಿ ಓದಿಸಿಕೊಳ್ಳುತ್ತಿಲ್ಲ.

24 ಫೆಬ್ರವರಿ, ಸೋಮವಾರ

ವೃಂದಾಳ ಫೋನು. ಜೋಳ ರಾಶಿ ಮಾಡಿ ತೂಗಿದರಂತೆ. ಡಿಸೆಂಬರಿನಲ್ಲಿ ನಾನು ಬದುವಿನ ಮೇಲೆ ನಿಂತು ಹದಿನಾಲ್ಕಾಣೆ ಬೆಳೆ ಎಂದಿದ್ದೆ. ಒಂಬತ್ತಾಣೆಯೂ ಬಂದಿಲ್ಲ. ಆಗ ಕಣ್ಣಲ್ಲಿ ಮೋತಿಬಿಂದು ಇತ್ತಲ್ಲ.

ಊರು, 4 ಮಾರ್ಚ್, ಮಂಗಳವಾರ

ಡಾಕ್ಟರು ಹೂಂ ಎಂದರು; ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೇವಿನ ಗಿಡ ಬಂದಾಗ ಬಸ್ಸು ನಿಲ್ಲದೆ ಮುಂದೆ ಹೋಯಿತು. ಅಂಗಡಿಯ ಮುಂದೆ ಖೈರುನ್ನಿಸಾ ಕೂತಿದ್ದಳು. ಪಾತೇಲಿ ಬೋರಲು ಹಾಕಿತ್ತು. ಬಸ್ಸು ಹತ್ತಿರ ಬರುತ್ತಲೇ ಅರ್ಧ ಎದ್ದಳು, ಹಳೆಯ ರೂಢಿ. ಆಮೇಲೆ ನೆನಪಾಗಿ ಮತ್ತೆ ಕೂತಳು. ಬಲಗಣ್ಣಿಗೆ ಎಲ್ಲವೂ ಅತಿ ಸ್ಪಷ್ಟ ಕಾಣುತ್ತದೆ. ಡಾಕ್ಟರು ಇಷ್ಟೊಂದು ತೆಗೆಯಬೇಕಾಗಿರಲಿಲ್ಲ.

ನನ್ನ ಶೆಡ್ಡಿನಲ್ಲಿ ಇಳಿದೆ. ಬೆಂಚಿನ ಮೇಲೆ ಒಂದು ಆಡು ಮಲಗಿತ್ತು. ಚೀಲ ಮನೆಯಲ್ಲಿಟ್ಟು ಕೆಳಗಿನ ಓಣಿಯತನಕ ನಡೆದೆ, ಅಳತೆ ನೋಡಲೆಂದಷ್ಟೇ. ಎಂಟುನೂರಾ ನಲವತ್ತು ಹೆಜ್ಜೆ. ವಾಪಸು ಬರುವಾಗ ಏರು ಹತ್ತಿ ಎರಡು ಸಲ ನಿಲ್ಲಬೇಕಾಯಿತು. ಅಲ್ಲಿ ಏರು ಇದೆ ಎಂಬುದೇ ಅಧ್ಯಕ್ಷನಿದ್ದಾಗ ನನಗೆ ಗೊತ್ತಿರಲಿಲ್ಲ, ಆಗೆಲ್ಲ ಮೋಟರ್‌ಸೈಕಲ್ಲು. ಅಂಗಡಿಗೆ ಹೋಗಲಿಲ್ಲ. ಹತ್ತು ಹೆಜ್ಜೆ ಈಚೆಗೇ ತಿರುಗಿದೆ. ಅಳತೆ ಮುಗಿದಿತ್ತು.

5 ಮಾರ್ಚ್, ಬುಧವಾರ

ಗ್ರಾಮಸಭೆ. ಮೇಲಿನ ಓಣಿಯವರೆಲ್ಲ ಬಂದು ನನ್ನ ಹಿಂದೆ ಕೂತರು. ಖೈರುನ್ನಿಸಾ ಹೆಂಗಸರ ಸಾಲಿನ ಕೊನೆಯಲ್ಲಿದ್ದಳು. ಈರಮ್ಮ ಅರ್ಜಿ ಓದಿಸಿ, "ಅಣ್ಣಾರ, ನೀವು ಹೇಳ್ರಿ," ಎಂದಳು.

ಎದ್ದು ನಿಂತೆ. "ಬಸ್ಸಿನ ಜಾಗಾ ನಾ ಬದಲಿ ಮಾಡಿದ್ದು ಕಾಯಂ ಅಂತ ನಿಮಗ ಯಾರು ಹೇಳಿದ್ರು? ಅದು ನಜರ ಆಣೇವಾರಿ ಇತ್ತು. ಮೂರು ವರ್ಷ ಬಿಟ್ಟು ನೋಡಿದೆ. ಈಗ ಕಟಾವು ಆಗ್ಯಾದ, ಲೆಕ್ಕ ತಪ್ಪ್ಯಾದ. ಹಿಂದಕ ಒಯ್ಯಿರಿ."

ಬಸವಕಿರಣ ಎದ್ದ. "ಅಧ್ಯಕ್ಷರ, ಹೋದ ತಿಂಗಳ ಫೋನಿನಾಗ ನನ್ನ ಕಡಿಂದ ಹದಿನಾರಾಣೆ ಬರಸಿಕೊಂಡ್ರಲ್ಲ?"

"ಅದರಾಗ ಹನ್ನೆರಡಾಣೆ ಟ್ರ್ಯಾಕ್ಟರಿಂದು. ತೆಗೆದು ಹಾಕು."

ಎರಡೂ ಓಣಿ ಕೂಡಿ ನಕ್ಕಿತು. ಹಾಗೆ ನಕ್ಕು ಬಹಳ ದಿನವಾಗಿತ್ತೆಂದು ಈರಮ್ಮ ಆಮೇಲೆ ಹೇಳಿದಳು. ಕೈಗಳು ಮೇಲೆದ್ದವು. ಖೈರುನ್ನಿಸಾ ನನ್ನ ಕಡೆ ನೋಡಲಿಲ್ಲ. ಠರಾವಿನಲ್ಲಿ ಸೂಚಕನೆಂದು ನನ್ನ ಹೆಸರು ಬರೆಸಿದೆ. ಒಂದೇ ಬಸ್ಸಿನ ಜಾಗವನ್ನು ಎರಡು ಸಲ ಬದಲಿಸಿದ ಅಧ್ಯಕ್ಷ ಈ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಶೆಡ್ಡು ಅಲ್ಲೇ ಇರಲಿ; ಆಡಿಗೆ ನೆರಳಾಗುತ್ತದೆ.

11 ಮಾರ್ಚ್, ಮಂಗಳವಾರ

ಎಡಗಣ್ಣಿನ ಸಲುವಾಗಿ ಬೀದರಿಗೆ ಹೊರಟಿದ್ದೇನೆ. ಬಸ್ಸಿನವರ ಕಾಗದ ಇನ್ನೂ ಬಂದಿಲ್ಲ. ಆದರೆ ಡ್ರೈವರು ನಾಲ್ಕು ದಿನದಿಂದ ಬೇವಿನ ಗಿಡದ ಕೆಳಗೇ ನಿಲ್ಲಿಸುತ್ತಿದ್ದಾನೆ, ಅವನಿಗೂ ಚಹಾ ಬೇಕಲ್ಲ. ಚೀಲ ಹೊತ್ತು ಎಂಟುನೂರಾ ನಲವತ್ತು ಹೆಜ್ಜೆ, ಅದರ ಮೇಲೆ ಉಳಿದ ಆ ಹತ್ತನ್ನೂ ನಡೆದು ಬಂದೆ. ಅಂಗಡಿಯ ಬೆಂಚಿನಲ್ಲಿದ್ದವರು ಯಾರೂ ಎದ್ದು ನಿಲ್ಲಲಿಲ್ಲ; ಸ್ವಲ್ಪ ಸರಿದು ಜಾಗ ಕೊಟ್ಟರು. ಮಂಜಿರಿಯ ಫೋನು ಬಂತು. "ಮಾಮಾ, ಎಲ್ಲಿದ್ದೀರಿ? ಏನೂ ಕೇಳಸವಲ್ದು, ಭಾಳ ಗದ್ದಲ ಅದ," ಎಂದಳು.

ಖೈರುನ್ನಿಸಾ ಗಿಲಾಸು ತಂದು ನನ್ನ ಕೈಗಿಟ್ಟಳು. "ಕುಡಿ ಭಾಲಣ್ಣ, ಬಸ್ಸಿಗಿ ಇನ್ನ ಹೊತ್ತದ," ಎಂದಳು.

ಅದೂ ನಾಲ್ಕು ಮಂದಿಯ ಎದುರಿಗೆ. ಅಧ್ಯಕ್ಷನೂ ಇಲ್ಲ, ಸಾಬ್ ಕೂಡ ಇಲ್ಲ. ಅಮೆರಿಕದಲ್ಲಾಗಿದ್ದರೆ ಯಾರೂ ಸಹಿಸುತ್ತಿರಲಿಲ್ಲ. ಅಲ್ಲೇ ತಿದ್ದಬೇಕೆಂದಿದ್ದೆ, ಬಾಯಲ್ಲಿ ಚಹಾ ಇತ್ತು. ಅದು ಮುಗಿಯುವಷ್ಟರಲ್ಲಿ ಕೇಳದೆಯೇ ಇನ್ನೊಂದು ಗಿಲಾಸು ತಂದಿಟ್ಟಳು. ಅಷ್ಟರಲ್ಲಿ ಬಸ್ಸು ಬಂತು, ನಿಂತಿತು, ಹೋಯಿತು.

ಇದನ್ನು ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮುಂದಿನ ಬಸ್ಸಿಗೆ ಒಂದೂವರೆ ತಾಸಿದೆ. ಅಷ್ಟರಲ್ಲಿ ತಿದ್ದಬಹುದು.